ಕಣ್ಣಿನೊಳಗಿನ ಒತ್ತಡವೂ ಗ್ಲಾಕೋಮಾ ವ್ಯಾಧಿಯೂ

ಬಿಳಿಯ ಕಾಗದವೊಂದರ ಮೇಲೆ ಎಡಗಡೆ ಒಂದು ಕತ್ತರಿ ಗುರುತನ್ನೂ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಸೆಂಟಿಮೀಟರ್ ಅಗಲದ ಕಪ್ಪು ಬೊಟ್ಟನ್ನೂ ಬರೆದುಕೊಳ್ಳಿ. ಎಡಗಣ್ಣನ್ನು ಕೈಯಿಂದ ಮುಚ್ಚಿ, ಬಲಗಣ್ಣಿನ ನೋಟವನ್ನು ಕತ್ತರಿ ಗುರುತಿನಲ್ಲಿಯೇ ನೆಟ್ಟು, ಕಾಗದವನ್ನು ತೋಳಿನಷ್ಟು ದೂರದಿಂದ ಮೆಲ್ಲಮೆಲ್ಲನೆ ಮುಖದ ಕಡೆಗೆ ತನ್ನಿ. ಕಾಗದ ಕಣ್ಣಿನಿಂದ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಬೊಟ್ಟು ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮರಳಿ ಕಾಣಿಸಿಕೊಳ್ಳುತ್ತದೆ. ತರಗತಿಯಲ್ಲಿ ಈ ಪ್ರಯೋಗವನ್ನು ಮಾಡಿಸಿದಾಗಲೆಲ್ಲ ವಿದ್ಯಾರ್ಥಿಗಳು ಮೊದಲು ಕಾಗದವನ್ನು ಶಂಕಿಸುತ್ತಾರೆ, ಆಮೇಲೆ ಕಣ್ಣನ್ನು.

ಕಣ್ಣಿನ ಹಿಂಗೋಡೆಯನ್ನು ಆವರಿಸಿರುವ ಅಕ್ಷಿಪಟಲದಿಂದ ಹೊರಟ ನರತಂತುಗಳೆಲ್ಲ ಒಂದೆಡೆ ಕೂಡಿ ದೃಷ್ಟಿನರವಾಗಿ ಮಿದುಳಿಗೆ ಹೋಗುತ್ತವೆ. ಅವು ಹೊರಬೀಳುವ ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಆದುದರಿಂದ ನೋಟದ ನೇರದಿಂದ ಸುಮಾರು 15 ಡಿಗ್ರಿ ಹೊರಕ್ಕೆ ನಮಗೆ ಏನೂ ಕಾಣದ ಒಂದು ತಾಣವುಂಟು. ಇದೇ ಅಂಧಬಿಂದು. ಮೇಲಿನ ಪ್ರಯೋಗದ 8 ಸೆಂಟಿಮೀಟರು ಈ ಕೋನದಿಂದಲೇ ಬಂದುದು. ಇದನ್ನು 1660ರ ದಶಕದಲ್ಲಿ ಕಂಡುಹಿಡಿದವನು ಫ್ರಾನ್ಸಿನ ಮಾರಿಯೊಟ್. ನಾವು ಬಾಯ್ಲನ ನಿಯಮವೆಂದು ಕಲಿಯುವ ಅನಿಲ ನಿಯಮವನ್ನು ಫ್ರೆಂಚರು ಇವನ ಹೆಸರಿನಿಂದ ಕರೆಯುತ್ತಾರೆ. ಅಂಧಬಿಂದುವೆಂದು ಕರೆದರೂ ಅದು ಬಿಂದುವಿನಷ್ಟು ಕಿರಿದಲ್ಲ. ಅದರ ಅಗಲ 5 ಡಿಗ್ರಿಗೂ ಮಿಕ್ಕುದು. ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೂ ಅದರೊಳಗೆ ಅಡಗಿಹೋಗುತ್ತಾರೆ.

ಇಷ್ಟು ದೊಡ್ಡ ರಂಧ್ರ ನಮ್ಮ ನೋಟದಲ್ಲಿ ಹುಟ್ಟಿದಂದಿನಿಂದ ಇದ್ದರೂ ನಮಗೇಕೆ ತಿಳಿಯಲಿಲ್ಲ? ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಬೊಟ್ಟು ಮಾಯವಾದ ಜಾಗದಲ್ಲಿ ಕಪ್ಪು ಕಲೆಯೇನೂ ಕಾಣುವುದಿಲ್ಲ. ಬಿಳಿಯ ಕಾಗದವೇ ಕಾಣುತ್ತದೆ. ಸುದ್ದಿ ಬಾರದ ಜಾಗವನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಎರಡು ಕಣ್ಣುಗಳೂ ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ.

ಗ್ಲಾಕೋಮಾ ಎಂಬ ವ್ಯಾಧಿಯನ್ನು ಅರಿಯಬೇಕಾದರೆ ಮೊದಲು ಈ ಸಂಗತಿ ಮನಸ್ಸಿನಲ್ಲಿ ನಿಲ್ಲಬೇಕು. ಈ ವ್ಯಾಧಿಯಲ್ಲಿ ದೃಷ್ಟಿನರದ ತಂತುಗಳು ಸ್ವಲ್ಪ ಸ್ವಲ್ಪವಾಗಿ, ವರ್ಷಗಟ್ಟಲೆ ನಾಶವಾಗುತ್ತ ಹೋಗುತ್ತವೆ. ನೋಟದ ಕ್ಷೇತ್ರದಲ್ಲಿ ಹೊಸ ಅಂಧತಾಣಗಳು ಹುಟ್ಟುತ್ತವೆ, ಬಾಗಿದ ಕಮಾನಿನಂತೆ ಹರಡುತ್ತವೆ, ಒಂದನ್ನೊಂದು ಕೂಡುತ್ತವೆ. ಮಿದುಳು ಅವುಗಳನ್ನೂ ತುಂಬುತ್ತದೆ. ನೋಟದ ನಟ್ಟನಡುವಣ ಭಾಗ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುವುದರಿಂದ ರೋಗಿ ಪತ್ರಿಕೆಯನ್ನು ಓದುತ್ತಾನೆ, ಸೂಜಿಗೆ ದಾರ ಪೋಣಿಸುತ್ತಾನೆ, ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಮೆಟ್ಟಿಲು ತಪ್ಪುವುದು, ಪಕ್ಕದಿಂದ ಬಂದವರಿಗೆ ಡಿಕ್ಕಿ ಹೊಡೆಯುವುದು ಇವೆಲ್ಲ ಬಹಳ ತಡವಾಗಿ ಬರುವ ಚಿಹ್ನೆಗಳು. ಸತ್ತ ನರತಂತುವನ್ನು ಬದುಕಿಸುವ ಔಷಧವಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಂದಿಗೂ ಇಲ್ಲ. ಉಳಿದುದನ್ನು ಕಾಪಾಡುವುದಷ್ಟೇ ಸಾಧ್ಯ.

ನೋವಿಲ್ಲ, ಮಬ್ಬಿಲ್ಲ, ಕಪ್ಪು ಕಲೆಯಿಲ್ಲ. ಹೀಗಿರಲು ರೋಗಿಗಳು ತಾವಾಗಿ ವೈದ್ಯರಲ್ಲಿಗೆ ಬರುವುದಾದರೂ ಹೇಗೆ? ದಕ್ಷಿಣ ತಮಿಳುನಾಡಿನ ಹಳ್ಳಿಗಳಲ್ಲಿ 40 ವರ್ಷ ಮೀರಿದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಮಧುರೆಯ ಅರವಿಂದ ನೇತ್ರಾಲಯದವರು 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 2.6 ಮಂದಿಗೆ ಈ ವ್ಯಾಧಿ ಕಂಡುಬಂತು. ಅದರ ಸಾಮಾನ್ಯ ಬಗೆಯಿದ್ದವರಲ್ಲಿ ಐದನೆಯ ಒಂದು ಭಾಗದವರು ಆ ವೇಳೆಗೆ ಒಂದು ಕಣ್ಣನ್ನೋ ಎರಡನ್ನೋ ಕಳೆದುಕೊಂಡಿದ್ದರು. ದಕ್ಷಿಣ ಭಾರತದ ಇಂಥ ಸಮೀಕ್ಷೆಗಳಲ್ಲಿ ರೋಗಿಗಳೆಂದು ಗುರುತಿಸಲ್ಪಟ್ಟವರ ಪೈಕಿ ಬಹುಮಂದಿಗೆ ತಮಗೆ ಇಂಥದೊಂದು ರೋಗವಿದೆಯೆಂಬುದು ಆ ದಿನದವರೆಗೆ ತಿಳಿದೇ ಇರಲಿಲ್ಲ.

ನಮ್ಮ ಜನರಲ್ಲಿ ಇನ್ನೊಂದು ತೊಡಕೂ ಉಂಟು. ವಯಸ್ಸಾದವರಿಗೆ ಕಣ್ಣು ಮಂಜಾಯಿತೆಂದರೆ ಅದು ಪೊರೆಯೆಂದೇ ಎಲ್ಲರ ತೀರ್ಮಾನ. "ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ, ಆಮೇಲೆ ತೆಗೆಸಿದರಾಯಿತು" ಎಂದು ವರ್ಷಗಟ್ಟಲೆ ಕಾಯುವ ಮನೆಗಳು ಎಷ್ಟೋ ಇವೆ. ಪೊರೆಯು ಮಸೂರದ ಮಬ್ಬು. ಅದನ್ನು ಎಂದು ತೆಗೆದರೂ ಹಿಂದಿನ ಅಕ್ಷಿಪಟಲವೂ ನರವೂ ಚೆನ್ನಾಗಿದ್ದರೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಕಾದ ಪ್ರತಿಯೊಂದು ತಿಂಗಳೂ ನಷ್ಟವೇ. ಪೊರೆಯ ಮರೆಯಲ್ಲಿ ಗ್ಲಾಕೋಮಾವೂ ಇರಬಹುದೆಂಬುದು ಹೆಚ್ಚು ಮಂದಿಗೆ ತೋಚುವುದಿಲ್ಲ.

ಇನ್ನು ಈ ನಾಶಕ್ಕೆ ಕಾರಣವೇನೆಂಬುದನ್ನು ನೋಡೋಣ. ಕಣ್ಣುಗುಡ್ಡೆಯು ದ್ರವದಿಂದ ತುಂಬಿದ ಒಂದು ಚೀಲ. ಅದರ ಮುಂಭಾಗದ ಪಾರದರ್ಶಕ ಕಾರ್ನಿಯಾ ತನ್ನ ವಕ್ರತೆಯನ್ನು ಕಾಯ್ದುಕೊಳ್ಳದಿದ್ದರೆ ಬಿಂಬ ಸ್ಪಷ್ಟವಾಗಿ ಮೂಡದು. ಆ ಆಕಾರವನ್ನು ಹಿಡಿದಿಡಲು ಒಳಗೆ ಸ್ವಲ್ಪ ಒತ್ತಡ ಬೇಕು. ಸಾಮಾನ್ಯವಾಗಿ ಇದು ಹೊರಗಿನ ವಾಯುವಿನ ಒತ್ತಡಕ್ಕಿಂತ ಪಾದರಸದ 15 ಅಥವಾ 16 ಮಿಲಿಮೀಟರಿನಷ್ಟು ಹೆಚ್ಚು. ನೀರಿನ ಲೆಕ್ಕದಲ್ಲಿ ಒಂದು ಗೇಣಿನಷ್ಟು ಎತ್ತರದ ಕಂಬ. ವಾಡಿಕೆಯಲ್ಲಿ 21ರ ವರೆಗೆ ಸಹಜವೆನ್ನುತ್ತಾರೆ. ಇದು ತೋಳಿಗೆ ಪಟ್ಟಿ ಸುತ್ತಿ ಅಳೆಯುವ ರಕ್ತದೊತ್ತಡವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ರಕ್ತದೊತ್ತಡ ಹತೋಟಿಯಲ್ಲಿದೆಯೆಂದ ಮಾತ್ರಕ್ಕೆ ಕಣ್ಣಿನ ಒತ್ತಡವೂ ಹತೋಟಿಯಲ್ಲಿದೆಯೆಂದು ಭಾವಿಸಲಾಗದು.

ಈ ಒತ್ತಡ ಹುಟ್ಟುವ ಬಗೆ ಸ್ವಾರಸ್ಯವಾದುದು. ಕಣ್ಣಿನ ಬಣ್ಣದ ತೆರೆಯಾದ ಐರಿಸ್‌ನ ಹಿಂದೆ ಸಿಲಿಯರಿ ಅಂಗವೆಂಬ ಉಂಗುರವಿದೆ. ಅದು ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್ ತಿಳಿದ್ರವವನ್ನು ಒಸರುತ್ತದೆ. ದಿನವಿಡೀ ಕೂಡಿಸಿದರೂ ಒಂದು ಚಹಾ ಚಮಚ ತುಂಬುವುದಿಲ್ಲ. (ಇದು ಕಣ್ಣೀರಲ್ಲ, ಕಣ್ಣೀರು ಹೊರಗಿನದು, ಇದು ಒಳಗಿನದು.) ಈ ದ್ರವ ಪಾಪೆಯ ಮೂಲಕ ಮುಂದಿನ ಕೋಣೆಗೆ ಬಂದು, ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದಲ್ಲಿರುವ ಸೂಕ್ಷ್ಮವಾದ ಜಾಲರಿಯೊಂದನ್ನು ದಾಟಿ, ಷ್ಲೆಮ್ ನಾಳವೆಂಬ ಕಾಲುವೆಯನ್ನು ಸೇರಿ, ಅಲ್ಲಿಂದ ರಕ್ತನಾಳಗಳಿಗೆ ಹೋಗುತ್ತದೆ. ಸ್ವಲ್ಪ ಭಾಗ ಬೇರೆ ದಾರಿಯಿಂದ ಹೊರಹೋಗುವುದೂ ಉಂಟು.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಓಮನ ನಿಯಮ ನೆನಪಾಗದೆ ಇರದು. ದ್ರವದ ಹರಿವೇ ವಿದ್ಯುತ್ಪ್ರವಾಹ, ಜಾಲರಿಯೇ ರೋಧಕ, ಒತ್ತಡದ ವ್ಯತ್ಯಾಸವೇ ವಿಭವಾಂತರ. ಜಾಲರಿಯ ಮೂಲಕ ನಿಮಿಷಕ್ಕೆ 2 ಮೈಕ್ರೋಲೀಟರ್ ಹರಿಯುವುದೆಂದೂ, ಒತ್ತಡದ ಪ್ರತಿ ಮಿಲಿಮೀಟರಿಗೆ 0.3 ಮೈಕ್ರೋಲೀಟರನ್ನು ಜಾಲರಿ ಬಿಟ್ಟುಕೊಡುವುದೆಂದೂ ಇಟ್ಟುಕೊಳ್ಳೋಣ. ಆಗ ಜಾಲರಿಯ ಎರಡು ಕಡೆಗಳ ಒತ್ತಡದ ವ್ಯತ್ಯಾಸ 2ನ್ನು 0.3ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 7. ಆಚೆಯ ರಕ್ತನಾಳದಲ್ಲಿರುವ 9 ಮಿಲಿಮೀಟರನ್ನು ಇದಕ್ಕೆ ಸೇರಿಸಿದರೆ 16 ಆಯಿತು. ಇದೇ ಸಹಜ ಒತ್ತಡ. ವಯಸ್ಸಿನಿಂದಲೋ ವಂಶಗುಣದಿಂದಲೋ ಜಾಲರಿ ಅರ್ಧದಷ್ಟು ಕಟ್ಟಿಕೊಂಡಿತೆನ್ನಿ. ದ್ರವದ ಉತ್ಪತ್ತಿ ನಿಲ್ಲುವುದಿಲ್ಲವಾದ್ದರಿಂದ ಒತ್ತಡ 22ಕ್ಕೆ ಏರುತ್ತದೆ. ಮೂರನೆಯ ಒಂದು ಭಾಗಕ್ಕೆ ಇಳಿದರೆ 29. ಈ ವ್ಯಾಧಿಗೆ ಕೊಡುವ ಔಷಧಗಳು ಈ ಸಮೀಕರಣದ ಯಾವುದೋ ಒಂದು ಪದದ ಮೇಲೆ ಕೆಲಸ ಮಾಡುತ್ತವೆ. 1978ರ ಸುಮಾರಿಗೆ ಬಳಕೆಗೆ ಬಂದ ಟಿಮೊಲಾಲ್ ಹನಿ ಉತ್ಪತ್ತಿಯನ್ನು ತಗ್ಗಿಸುತ್ತದೆ. 1996ರಿಂದ ಬಂದ ಲಟಾನೊಪ್ರಾಸ್ಟ್ ಹೊರಹರಿವನ್ನು ಹೆಚ್ಚಿಸುತ್ತದೆ.

ಒತ್ತಡವು ಚೀಲದ ಗೋಡೆಯ ಮೇಲೆಲ್ಲ ಸಮನಾಗಿ ಬೀಳುತ್ತದೆ. ಆದರೆ ಗೋಡೆ ಎಲ್ಲೆಡೆ ಒಂದೇ ಸಮನಾಗಿ ಗಟ್ಟಿಯಾಗಿಲ್ಲ. ದೃಷ್ಟಿನರ ಹೊರಬೀಳುವ ಜಾಗದಲ್ಲಿ ಬಲವಾದ ಬಿಳಿ ಗೋಡೆಯ ಬದಲು ಜರಡಿಯಂಥ ಪದರವೊಂದಿದೆ. ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಈ ಜರಡಿಯ ಕಣ್ಣುಗಳಲ್ಲಿ 10–12 ಲಕ್ಷ ತಂತುಗಳು ತೂರಿಹೋಗುತ್ತವೆ. ಒತ್ತಡದಿಂದ ಜರಡಿ ಹಿಂದಕ್ಕೆ ಬಾಗಿದಾಗ ತಂತುಗಳು ಅದರ ಅಂಚುಗಳ ನಡುವೆ ಇಕ್ಕಟ್ಟಿಗೆ ಸಿಕ್ಕುತ್ತವೆ. ಅವುಗಳೊಳಗಿನ ಸಾಗಾಟ ತಡೆಯುತ್ತದೆ, ರಕ್ತದ ಪೂರೈಕೆ ಕುಗ್ಗುತ್ತದೆ. ತಂತುಗಳು ಸತ್ತಂತೆಲ್ಲ ನರದ ತಲೆಯ ನಡುವೆ ಇರುವ ಚಿಕ್ಕ ಕುಳಿ ಅಗಲವಾಗುತ್ತದೆ. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ರಚಿಸಿದ ಮೇಲೆ ವೈದ್ಯರು ಜೀವಂತ ಮನುಷ್ಯನ ಕಣ್ಣಿನಲ್ಲಿ ಈ ಕುಳಿಯನ್ನು ನೋಡಬಲ್ಲವರಾದರು. ಇಂದಿಗೂ ಗ್ಲಾಕೋಮಾ ಪರೀಕ್ಷೆಯಲ್ಲಿ ಈ ಕುಳಿಯ ದರ್ಶನವೇ ಮುಖ್ಯವೆಂದು ನನ್ನ ಅಭಿಪ್ರಾಯ; ಏಕೆಂಬುದು ಮುಂದೆ ತಿಳಿಯುತ್ತದೆ.

ಒಳಗೆ ಸೂಜಿ ಚುಚ್ಚದೆ ಕಣ್ಣಿನ ಒತ್ತಡವನ್ನು ಅಳೆಯುವುದೆಂತು? ಹಿಂದಿನ ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳುಗಳಿಂದ ಒತ್ತಿ ನೋಡುತ್ತಿದ್ದರು. 1905ರಲ್ಲಿ ನಾರ್ವೆಯ ಷಿಯೊಟ್ಸ್ ರಚಿಸಿದ ಉಪಕರಣ ಕಾರ್ನಿಯಾದ ಮೇಲೆ ಗೊತ್ತಾದ ತೂಕದ ಕಡ್ಡಿಯನ್ನಿಟ್ಟು ಅದು ಎಷ್ಟು ತಗ್ಗುವುದೆಂಬುದನ್ನು ಅಳೆಯುತ್ತಿತ್ತು. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೋಲ್ಡ್‌ಮನ್ ರೂಪಿಸಿದ ವಿಧಾನ ಇವಕ್ಕಿಂತ ಜಾಣತನದ್ದು. ಉಬ್ಬಿದ ಪೊರೆಯನ್ನು ಚಪ್ಪಟೆಯಾಗುವಷ್ಟೇ ಒತ್ತಿದರೆ, ಆ ಚಪ್ಪಟೆ ಭಾಗದಲ್ಲಿ ಹೊರಗಿನ ಬಲವೂ ಒಳಗಿನ ಒತ್ತಡವೂ ಒಂದನ್ನೊಂದು ಸರಿದೂಗುತ್ತವೆ. ಆದರೆ ನಿಜವಾದ ಕಾರ್ನಿಯಾಕ್ಕೆ ತನ್ನದೇ ಆದ ಬಿಗುಪು ಉಂಟು, ಅದು ಉಪಕರಣವನ್ನು ಹೊರಕ್ಕೆ ತಳ್ಳುತ್ತದೆ. ಕಣ್ಣೀರಿನ ಪದರದ ಮೇಲ್ಮೈ ಎಳೆತ ಉಪಕರಣವನ್ನು ಒಳಕ್ಕೆ ಎಳೆಯುತ್ತದೆ. ಚಪ್ಪಟೆಯಾದ ವೃತ್ತದ ವ್ಯಾಸ 3.06 ಮಿಲಿಮೀಟರ್ ಇದ್ದಾಗ ಇವೆರಡೂ ಪರಸ್ಪರ ರದ್ದಾಗುತ್ತವೆಂದು ಗೋಲ್ಡ್‌ಮನ್ ಕಂಡುಕೊಂಡನು. ಇದರಲ್ಲಿ ಇನ್ನೊಂದು ಸೊಗಸಿದೆ. ಆ ವೃತ್ತದ ಕ್ಷೇತ್ರಫಲ 7.35 ಚದರ ಮಿಲಿಮೀಟರ್. ಒಂದು ಮಿಲಿಮೀಟರ್ ಎತ್ತರದ ಪಾದರಸ ಅದರ ಮೇಲೆ ನಿಂತರೆ ಅದರ ತೂಕ ಸರಿಯಾಗಿ ಹತ್ತನೆಯ ಒಂದು ಗ್ರಾಮ್. ಆದ್ದರಿಂದ ಒಂದೂವರೆ ಗ್ರಾಮ್ ಬಲ ಬೇಕಾಯಿತೆಂದರೆ ಒತ್ತಡ 15 ಎಂದು ಓದಿಕೊಳ್ಳಬಹುದು. ಗುಣಾಕಾರದ ತೊಂದರೆಯೇ ಇಲ್ಲ.

ಆದರೆ ಈ ಲೆಕ್ಕ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದೆಯೆಂಬ ನಂಬಿಕೆಯ ಮೇಲೆ ನಿಂತಿದೆ. ದಪ್ಪ ಹೆಚ್ಚಿದ್ದರೆ ಅಳತೆ ನಿಜಕ್ಕಿಂತ ಮೇಲೆ ತೋರುತ್ತದೆ, ಕಡಿಮೆಯಿದ್ದರೆ ಕೆಳಗೆ. ಕನ್ನಡಕ ಬೇಡವೆಂದು ಲೇಸರಿನಿಂದ ಕಾರ್ನಿಯಾವನ್ನು ತೆಳ್ಳಗೆ ಮಾಡಿಸಿಕೊಂಡ ತರುಣರು ಇದನ್ನು ನೆನಪಿಡಬೇಕು. ಅವರಲ್ಲಿ ಸಮೀಪದೃಷ್ಟಿಯವರೇ ಹೆಚ್ಚು, ಸಮೀಪದೃಷ್ಟಿಯವರಿಗೆ ಗ್ಲಾಕೋಮಾದ ಸಂಭವವೂ ಹೆಚ್ಚು. ಮುಂದೆ ಎಂದಾದರೂ ಒತ್ತಡವನ್ನು ಅಳೆದಾಗ ಉಪಕರಣ ತೋರಿಸುವ ಅಂಕಿ ಮಾತ್ರ ನಿಜಕ್ಕಿಂತ ಕಡಿಮೆ. ಲೇಸರ್ ಮಾಡಿಸಿದುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸುವುದು ಒಳ್ಳೆಯದು.

ಅಳತೆ ನಿಖರವಾಗಿದ್ದರೂ ಅಂಕಿಯೇ ವ್ಯಾಧಿಯಲ್ಲ. ಅಮೆರಿಕದಲ್ಲಿ ಒತ್ತಡ ಹೆಚ್ಚಿದ್ದರೂ ನರಕ್ಕೆ ಹಾನಿಯಾಗದಿದ್ದ 1,600ಕ್ಕೂ ಮಿಕ್ಕ ಮಂದಿಯನ್ನು ಎರಡು ತಂಡಗಳಾಗಿ ಮಾಡಿ, ಒಂದಕ್ಕೆ ಹನಿಗಳನ್ನು ಕೊಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷಗಳಲ್ಲಿ ಔಷಧವಿಲ್ಲದವರಲ್ಲಿ ನೂರಕ್ಕೆ 9.5 ಮಂದಿಗೂ ಔಷಧ ಪಡೆದವರಲ್ಲಿ 4.4 ಮಂದಿಗೂ ಗ್ಲಾಕೋಮಾ ತಲೆದೋರಿತು. ಔಷಧದಿಂದ ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತೆಂಬುದು ಒಂದು ಪಾಠ. ಒತ್ತಡ ಹೆಚ್ಚಿದ್ದು ಔಷಧವಿಲ್ಲದವರಲ್ಲೂ ಹತ್ತಕ್ಕೆ ಒಂಬತ್ತು ಮಂದಿಗೆ ಆ ಅವಧಿಯಲ್ಲಿ ಏನೂ ಆಗಲಿಲ್ಲವೆಂಬುದು ಇನ್ನೊಂದು. ಇದಕ್ಕೆ ವಿರುದ್ಧವಾಗಿ, ಒತ್ತಡ 14 ಅಥವಾ 15 ಇದ್ದೂ ನರ ಸವೆದುಹೋಗುವವರು ಇದ್ದಾರೆ. ಅವರ ಜರಡಿಯ ತಾಳುವ ಶಕ್ತಿಯೇ ಕಡಿಮೆ. "ಒತ್ತಡ ನೋಡಿದರು, ಸರಿಯಾಗಿದೆಯಂತೆ" ಎಂಬಷ್ಟಕ್ಕೆ ನಿಶ್ಚಿಂತರಾಗುವುದು ತರವಲ್ಲ. ನರದ ತಲೆಯನ್ನು ನೋಡಿದರೇ ಎಂದು ಕೇಳಬೇಕು.

ಹಾಗಾದರೆ ಯಾರು ಈ ಪರೀಕ್ಷೆಗೆ ಹೋಗಬೇಕು? ಎಲ್ಲರಿಗಿಂತ ಮೊದಲು, ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಮಕ್ಕಳು. ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಅಧ್ಯಯನವೊಂದು 1998ರಲ್ಲಿ ತೋರಿಸಿದಂತೆ, ಇಂಥ ಹತ್ತಿರದ ಬಂಧುಗಳಲ್ಲಿ ಜೀವಮಾನದಲ್ಲಿ ಗ್ಲಾಕೋಮಾ ಬರುವ ಸಂಭವ ನೂರಕ್ಕೆ 22. ಮನೆತನದಲ್ಲಿ ರೋಗವಿಲ್ಲದವರಲ್ಲಿ 2.3. ಹತ್ತಿರ ಹತ್ತಿರ ಹತ್ತು ಪಟ್ಟು! ನಮ್ಮಲ್ಲಿ ತಂದೆಗೆ ಸಕ್ಕರೆ ಕಾಯಿಲೆ ಇದ್ದುದನ್ನು ಮಕ್ಕಳು ಬಲ್ಲರು. ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲವೆಂಬುದು ಮಾತ್ರ "ವಯಸ್ಸಾಗಿತ್ತು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ.

ವಯಸ್ಸಂತೂ ಎಲ್ಲರಿಗೂ ಸಮಾನವಾದ ಅಪಾಯ. ನಲವತ್ತರ ಸುಮಾರಿಗೆ ಪುಸ್ತಕವನ್ನು ದೂರ ಹಿಡಿದು ಓದಬೇಕಾಗಿ ಬಂದಾಗ ಬಹುಮಂದಿ ಕನ್ನಡಕದ ಅಂಗಡಿಗೆ ಹೋಗಿ ಚಾಳೀಸು ಕೊಂಡು ತೃಪ್ತರಾಗುತ್ತಾರೆ. ಅದೇ ಹೊತ್ತಿಗೆ ಒಮ್ಮೆ ಕಣ್ಣಿನ ವೈದ್ಯರಿಂದ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ ಅದಕ್ಕಿಂತ ಸೂಕ್ತವಾದ ಕಾಲ ಬೇರಿಲ್ಲ. ಹೆಚ್ಚಿನ ಸಮೀಪದೃಷ್ಟಿಯವರು, ಚೆಂಡೋ ಕಡ್ಡಿಯೋ ಬಡಿದು ಕಣ್ಣಿಗೆ ಪೆಟ್ಟಾದವರು (ಪೆಟ್ಟಾಗಿ ವರ್ಷಗಳಾಗಿದ್ದರೂ ಸರಿಯೆ) ಇನ್ನೂ ಬೇಗ ಹೋಗಬೇಕು. ಆಫ್ರಿಕ ಮೂಲದ ಜನರಲ್ಲಿ ಈ ವ್ಯಾಧಿ ಹೆಚ್ಚು, ಬೇಗನೆ ಬರುತ್ತದೆ ಕೂಡ.

ನಾವೇ ಕೈಯಾರೆ ತಂದುಕೊಳ್ಳುವ ಗ್ಲಾಕೋಮಾ ಒಂದುಂಟು. ಬೇಸಿಗೆಯಲ್ಲಿ ಮಕ್ಕಳ ಕಣ್ಣು ಕೆಂಪಗಾಗಿ ಕಡಿತವಾಗುತ್ತದೆ. ವೈದ್ಯರು ಒಂದು ವಾರಕ್ಕೆಂದು ಸ್ಟೀರಾಯ್ಡ್ ಹನಿಯನ್ನು ಬರೆದುಕೊಡುತ್ತಾರೆ. ಎರಡೇ ದಿನಗಳಲ್ಲಿ ಕಡಿತ ನಿಲ್ಲುತ್ತದೆ. ಮುಂದಿನ ಸಲ ವೈದ್ಯರ ಗೊಡವೆಯಿಲ್ಲ; ಖಾಲಿ ಶೀಶೆಯನ್ನು ಔಷಧದ ಅಂಗಡಿಯಲ್ಲಿ ತೋರಿಸಿದರೆ ಹೊಸದು ಸಿಗುತ್ತದೆ. ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಕಿದ ಉದಾಹರಣೆಗಳು ವೈದ್ಯರಿಗೆ ಪರಿಚಿತ. ಸ್ಟೀರಾಯ್ಡ್ ಹೊರಹರಿವಿನ ಜಾಲರಿಯನ್ನು ಕಟ್ಟಿಸುತ್ತದೆ. ಕೆಲವು ವಾರ ಹನಿ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಏರುತ್ತದೆ, ಕೆಲವರಿಗೆ ವಿಪರೀತವಾಗಿ. ಶೀಶೆಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್. ಉಬ್ಬಸಕ್ಕೋ ಕೀಲುನೋವಿಗೋ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸುವವರೂ ಒಮ್ಮೆ ಕಣ್ಣನ್ನು ತೋರಿಸಿಕೊಳ್ಳಬೇಕು. ಆದರೆ ಆ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಹಸುಗೂಸುಗಳಿಗೂ ಗ್ಲಾಕೋಮಾ ಬರಬಹುದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಪಾಶ್ಚಾತ್ಯ ದೇಶಗಳಲ್ಲಿ ಇದು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೋ ಅದಕ್ಕೂ ಕಡಿಮೆಗೋ ಬಂದರೆ, ಆಂಧ್ರಪ್ರದೇಶದಲ್ಲಿ 3,300ಕ್ಕೆ ಒಂದರಂತೆ ಎಂಬ ಅಂದಾಜು 1998ರಲ್ಲಿ ಪ್ರಕಟವಾಯಿತು. ತಂದೆತಾಯಿಗಳಿಬ್ಬರಲ್ಲಿಯೂ ಅಡಗಿರುವ ದೋಷವೊಂದು ಕೂಡಿಬಂದಾಗ ಇದು ಮೈದೋರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ನಮ್ಮ ಕರ್ನಾಟಕದಂಥ ನಾಡುಗಳಲ್ಲಿ ಹಾಗೆ ಕೂಡಿಬರುವ ಸಂಭವ ಹೆಚ್ಚು. ಶಿಶುವಿನ ಕಣ್ಣಿನ ಗೋಡೆ ಇನ್ನೂ ಮೆತ್ತಗಿರುವುದರಿಂದ ಒತ್ತಡಕ್ಕೆ ಹಿಗ್ಗುತ್ತದೆ. ಹುಟ್ಟಿದಾಗ ಸುಮಾರು 10 ಮಿಲಿಮೀಟರ್ ಇರಬೇಕಾದ ಕಾರ್ನಿಯಾ ವರ್ಷ ತುಂಬುವುದರೊಳಗೆ 12ನ್ನು ಮೀರುತ್ತದೆ. ನೋಡಬಂದವರು "ಎಂಥ ದೊಡ್ಡ ಕಣ್ಣು!" ಎಂದು ಮೆಚ್ಚಿ ದೃಷ್ಟಿ ತೆಗೆಯುತ್ತಾರೆ. ದೊಡ್ಡ ಕಣ್ಣಿನ ಜೊತೆಗೆ ಮಗು ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ, ಕಣ್ಣಲ್ಲಿ ಸದಾ ನೀರು ಸುರಿಯುತ್ತಿದ್ದರೆ, ಕರಿಗುಡ್ಡೆ ಮಬ್ಬಾಗಿದ್ದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಬೇಗ ಆದಷ್ಟೂ ಫಲ ಹೆಚ್ಚು.

ಇದುವರೆಗೆ ಹೇಳಿದುದು ಹೆಚ್ಚಾಗಿ ಕೋನ ತೆರೆದೇ ಇದ್ದು ಜಾಲರಿ ಕಟ್ಟಿಕೊಳ್ಳುವ ಬಗೆಯನ್ನು ಕುರಿತದ್ದು. ಕೋನವೇ ಮುಚ್ಚಿಹೋಗುವ ಇನ್ನೊಂದು ಬಗೆ ನಮ್ಮ ದೇಶದಲ್ಲಿ ಅಪರೂಪವಲ್ಲ. 1998ರಲ್ಲಿ ಪ್ರಕಟವಾದ ವೆಲ್ಲೂರಿನ ಸಮೀಕ್ಷೆಯಲ್ಲಿ ಈ ಬಗೆಯವರೇ ಹೆಚ್ಚಾಗಿ ಕಂಡುಬಂದರು. ಕಿರಿದಾದ ಕಣ್ಣಿನವರು, ದೂರದೃಷ್ಟಿಯ ದಪ್ಪ ಕನ್ನಡಕದವರು, ಅದರಲ್ಲಿಯೂ ನಡುವಯಸ್ಸು ದಾಟಿದ ಹೆಂಗಸರು ಇದಕ್ಕೆ ಈಡಾಗುವುದು ಹೆಚ್ಚು. ಮಸೂರ ವಯಸ್ಸಿನೊಡನೆ ದಪ್ಪವಾಗುತ್ತ ಐರಿಸ್‌ಗೆ ತಾಗಿಕೊಳ್ಳುತ್ತದೆ. ಹಿಂದಿನ ದ್ರವಕ್ಕೆ ಮುಂದೆ ಬರಲು ದಾರಿ ಸಾಲದೆ, ಐರಿಸ್ ಗಾಳಿ ತುಂಬಿದ ಹಾಯಿಯಂತೆ ಮುಂದಕ್ಕುಬ್ಬಿ ಕೋನವನ್ನು ಮುಚ್ಚುತ್ತದೆ. ಇದು ಥಟ್ಟನೆ ಸಂಭವಿಸಿದರೆ ಒತ್ತಡ 50–60ಕ್ಕೆ ಏರಿ, ಕಣ್ಣು ಕೆಂಪಾಗಿ, ತಲೆ ಸಿಡಿಯುವಂಥ ನೋವೂ ವಾಂತಿಯೂ ಆಗುತ್ತವೆ. ವಾಂತಿಯನ್ನು ಕಂಡು ಹೊಟ್ಟೆಗೆ ಔಷಧ ಕೊಟ್ಟು ರಾತ್ರಿ ಕಳೆದರೆ ಬೆಳಗಾಗುವುದರೊಳಗೆ ಕಣ್ಣಿಗೆ ತೀರದ ಹಾನಿಯಾಗಬಹುದು. ಕೆಲವರಿಗೆ ಮುನ್ಸೂಚನೆಯಾಗಿ ಸಂಜೆಯ ಹೊತ್ತು ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಕಾರ್ನಿಯಾದಲ್ಲಿ ಸೇರಿಕೊಂಡ ನೀರಿನ ಸೂಕ್ಷ್ಮಕಣಗಳಿಂದಾಗುವ ಬೆಳಕಿನ ವಿವರ್ತನೆಯೇ ಇದಕ್ಕೆ ಕಾರಣ. ತೆಳುಮೋಡದ ಹಿಂದಿನ ಚಂದ್ರನ ಸುತ್ತ ಕಾಣುವ ಬಣ್ಣದ ಉಂಗುರ ಮೂಡುವುದೂ ಹೀಗೆಯೇ. 1857ರಲ್ಲಿ ಬರ್ಲಿನ್ನಿನ ಗ್ರೇಫ್ ಐರಿಸ್‌ನ ತುಣುಕೊಂದನ್ನು ಕತ್ತರಿಸಿ ತೆಗೆದು ಇಂಥ ರೋಗಿಗಳ ಕಣ್ಣನ್ನುಳಿಸಿದನು. ಇಂದು ಅದೇ ಕೆಲಸವನ್ನು ಲೇಸರ್ ಕಿರಣವು ಸೂಜಿಮೊನೆಯಷ್ಟು ರಂಧ್ರದಿಂದ, ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಕೋನ ಇಕ್ಕಟ್ಟಾಗಿದೆಯೇ ಎಂಬುದನ್ನು ಕನ್ನಡಿಯುಳ್ಳ ಮಸೂರವೊಂದನ್ನು ಕಣ್ಣಿಗೆ ತಾಗಿಸಿ ಮೊದಲೇ ನೋಡಬಹುದು.

ಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ಹೇಳುವುದು ವೈದ್ಯರ ಹಕ್ಕು. ಹನಿ, ಲೇಸರ್, ಶಸ್ತ್ರಚಿಕಿತ್ಸೆ ಇವು ಮೂರೂ ಒತ್ತಡವನ್ನು ತಗ್ಗಿಸುವ ದಾರಿಗಳೇ. ಹನಿ ಹಾಕಿದುದರಿಂದ ರೋಗಿಗೆ ಯಾವ ಸುಖವೂ ತಿಳಿಯುವುದಿಲ್ಲ, ದೃಷ್ಟಿ ಹೆಚ್ಚುವುದಿಲ್ಲ, ಕೆಲವೊಮ್ಮೆ ಕಣ್ಣು ಉರಿಯುತ್ತದೆ, ಹಣವಂತೂ ಪ್ರತಿ ತಿಂಗಳೂ ಖರ್ಚಾಗುತ್ತದೆ. ಆದ್ದರಿಂದಲೇ ಎಷ್ಟೋ ಮಂದಿ ನಡುವೆ ಕೈಬಿಡುತ್ತಾರೆ. ಹನಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ರೋಗಿಯ ಅನುಭವ ಹೇಳಲಾರದು. ಒತ್ತಡದ ಅಳತೆಯೂ ದೃಷ್ಟಿಕ್ಷೇತ್ರದ ನಕ್ಷೆಯೂ ಹೇಳಬಲ್ಲವು. ಈ ನಕ್ಷೆಯನ್ನು ತೆಗೆಯುವಾಗ ರೋಗಿ ಒಂದು ಕಣ್ಣನ್ನು ಮುಚ್ಚಿ, ಬೋಗುಣಿಯಾಕಾರದ ಯಂತ್ರದ ನಡುವಿನ ಗುರುತನ್ನು ದಿಟ್ಟಿಸುತ್ತ, ಅಲ್ಲಲ್ಲಿ ಮಿನುಗುವ ಮಂದ ಬೆಳಕು ಕಂಡಾಗಲೆಲ್ಲ ಗುಂಡಿಯನ್ನು ಒತ್ತಬೇಕು. ನಾವು ಕಾಗದದ ಮೇಲೆ ಮಾಡಿದ ಪ್ರಯೋಗದ ವಿಸ್ತೃತ ರೂಪವೇ ಇದು. ಒಂದು ನಕ್ಷೆಯಿಂದ ತಿಳಿಯುವುದು ಸ್ವಲ್ಪ. ಹಳೆಯ ನಕ್ಷೆಗಳ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದಾಗಲೇ ನಷ್ಟ ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂಬುದು ಗೊತ್ತಾಗುತ್ತದೆ. ಆದಕಾರಣ ಊರು ಬದಲಾದಾಗ, ವೈದ್ಯರು ಬದಲಾದಾಗ, ಹಿಂದಿನ ನಕ್ಷೆಗಳನ್ನೂ ಒತ್ತಡದ ಅಂಕಿಗಳನ್ನು ಬರೆದ ಚೀಟಿಗಳನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು.